ಮುಗೀತು, ನಾಳೆ ಬನ್ನಿ

ಹನ್ನೆರಡು ಸಾವಿರ ರೂಪಾಯಿ ಅಂದರೆ ಹೊಂಬಾಳಮ್ಮನ ಲೆಕ್ಕದಲ್ಲಿ ಹದಿನೈದು ಕೆ.ಜಿ. ಕುರಿ ಮಾಂಸ. ಅದೂ ನಿಂತು, ನೋಡಿ, ಕಟುಕನ ಜೊತೆ ಜಗಳವಾಡಿ ಆರಿಸಿದ ಮಾಂಸ. ಅಷ್ಟರಲ್ಲಿ ನೂರು ಜನಕ್ಕೆ ಊಟ ಹಾಕಬಹುದು, ಮೂಳೆಯ ಸಾರು ಬೇರೆ ಉಳಿಯುತ್ತದೆ, ಬೀದಿಯ ನಾಯಿಗಳಿಗೂ ಒಂದು ದಿನದ ಹಬ್ಬ. ಇಷ್ಟು ದುಡ್ಡನ್ನು ಅವಳು ಮುಟ್ಟಲು ಬಾರದ, ಮೂಸಲು ಬಾರದ, ಒಗ್ಗರಣೆಗೂ ಒದಗದ ಒಂದು ವೆಬ್‌ಸೈಟಿಗೆ ಕೊಟ್ಟಿದ್ದಳು. ಅದರ ಮೇಲೆ ವರ್ಷ ವರ್ಷವೂ ಹೆಸರಿನ ಬಾಡಿಗೆ ಅಂತ ಒಂಬೈನೂರು ರೂಪಾಯಿ.

"ನನ್ ಎಸ್ರು ನಮ್ಮಪ್ಪ ಮಡಗಿದ್ದು ಕಣೆ. ಅದ್ಕೂ ಬಾಡ್ಗೆಯಾ?" ಅಂತ ಕೇಳಿದ್ದಳು.

"ಇಂಟರ್‌ನೆಟ್ಟಲ್ಲಿ ಅಂಗೇ ಕಣತ್ತೆ. ಕಟ್ಟದೆ ಓದ್ರೆ ನಿಮ್ ಎಸ್ರನ್ನ ಇನ್ಯಾರೋ ಎತ್ಕೊಂಡೋಯ್ತಾರೆ," ಅಂದಿದ್ದಳು ನಿಖಿತಾ. ಇವಳು ಹೊಂಬಾಳಮ್ಮನ ತಮ್ಮನ ಮಗಳು. ಊರು ಪೂರಿಗಾಲಿ. ಮಳವಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟುಕೊಂಡು ಮದುವೆ ಪತ್ರಿಕೆ, ಹುಟ್ಟುಹಬ್ಬದ ಫ್ಲೆಕ್ಸು, ವೆಬ್‌ಸೈಟು, ಮೂರನ್ನೂ ಒಂದೇ ಕಂಪ್ಯೂಟರಿನಲ್ಲಿ ಮಾಡುತ್ತಿದ್ದಳು.

ವೆಬ್‌ಸೈಟಿನ ಗೀಳು ಹೊಂಬಾಳಮ್ಮನಿಗೆ ಸುಮ್ಮನೆ ಹಿಡಿದದ್ದಲ್ಲ. ಮದ್ದೂರಿನ ಹಳೇ ರಸ್ತೆಯಲ್ಲಿ ಅವಳ ಅತ್ತೆಯ ಕಾಲದಿಂದ ನಡೆದುಬಂದ ಊಟದ ಹೋಟೆಲು ಅದು. ಮುದ್ದೆ, ನಾಟಿಕೋಳಿ ಸಾರು, ಬೋಟಿ ಗೊಜ್ಜು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಕಾರುಗಳೆಲ್ಲ ಬಾಗಿಲ ಮುಂದೆಯೇ ಹಾದುಹೋಗುತ್ತಿದ್ದಾಗ ಕರೆಯುವ ಕೆಲಸವೇ ಇರಲಿಲ್ಲ. ಒಗ್ಗರಣೆಯ ವಾಸನೆಗೆ ಡ್ರೈವರುಗಳ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಹೊಸ ಹೈವೇ ಬಂತು. ಕಾರುಗಳು ಊರನ್ನು ಬಿಟ್ಟು ಆಚೆಯಿಂದಲೇ ಹಾರಿಹೋದವು. ಎಷ್ಟೇ ಘಮಘಮಿಸುವ ಬೋಟಿಯಾದರೂ ಅದರ ವಾಸನೆ ಫ್ಲೈಓವರು ಹತ್ತುವುದಿಲ್ಲ. ಈಗ ಊರೊಳಗೆ ಇಳಿದು ಬರುವವರು ಫೋನಿನಲ್ಲಿ ಹುಡುಕಿ ಬರುವವರು ಮಾತ್ರ.

ಮಗ ಪುಟ್ಟರಾಜು ಮಂಡ್ಯದಲ್ಲಿ ಸೊಸೈಟಿ ಬ್ಯಾಂಕಿನ ಗುಮಾಸ್ತ. ಅವನು ಒಂದು ದಿನ ಗಂಭೀರವಾಗಿ ಬಂದು ಕುಳಿತ.

"ಅವ್ವ, ಒಲೆ ಆರ್ಸ್‌ಬುಡಾವ. ಮಂಡ್ಯದ ಚಿಕ್ಕಬೋರಯ್ಯ ಟೈಲ್ಸ್ ಅಂಗ್ಡಿ ಮಾಡಕ್ಕೆ ಜಾಗ ಕೇಳ್ತಾವ್ನೆ. ತಿಂಗ್ಳಾದ್ರೆ ಬಾಡ್ಗೆ. ನೀನು ಕಾಲ್ ಚಾಚ್ಕೊಂಡು ಕೂತ್ಕೊ."

"ಕಾಲ್ ಚಾಚಕ್ಕೆ ನಾನೇನು ಸತ್ತಿದ್ದೀನೇನ್ಲಾ?"

"ಕಾರ್ತೀಕ ಕಳೀಲಿ. ಅಷ್ಟರಲ್ಲಿ ಗಿರಾಕಿ ಬಂದ್ರೆ ನಿನ್ನಿಷ್ಟ. ಬರ್ನಿಲ್ಲ ಅಂದ್ರೆ ಟೈಲ್ಸು."

ಹೊಂಬಾಳಮ್ಮ ಒಪ್ಪಿದಳು. ಒಪ್ಪಿದ್ದು ಬಾಯಲ್ಲಿ. ಮನಸ್ಸಿನಲ್ಲಿ ಟೈಲ್ಸಿನ ಮೇಲೆ ಮುದ್ದೆ ತಿರುವಿದರೆ ಜಾರುತ್ತದೆ ಅಂತಲೇ ಯೋಚಿಸುತ್ತಿದ್ದಳು. ಮಾರನೇ ದಿನವೇ ಮಳವಳ್ಳಿಗೆ ಫೋನು ಮಾಡಿದಳು.

ನಿಖಿತಾ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಲ್ಯಾಪ್‌ಟಾಪ್ ತೆರೆದು ಕುಳಿತಳು. ಮೊದಲು ಮಾಡಿದ್ದು ಸಾದಾ ಪೇಜು. ಮೇಲೆ ಹೋಟೆಲಿನ ಹೆಸರು, ಕೆಳಗೆ ಸಿಗುವ ಊಟದ ಹೆಸರುಗಳು, ಪಕ್ಕದಲ್ಲಿ ಹೊಂಬಾಳಮ್ಮ ಸೌಟು ಹಿಡಿದ ಫೋಟೋ. ಹೊಂಬಾಳಮ್ಮ ಕನ್ನಡಕ ಏರಿಸಿ ಓದಿದಳು. ಓದಿ, ಕನ್ನಡಕ ಇಳಿಸಿದಳು.

"ಇದ್ರಲ್ಲಿ ಬೋಟಿ ಗೊಜ್ಜು ಐತೆ ಅಂತ ಬರ್ದಿದ್ದೀಯ."

"ಊಂ. ಐತಲ್ಲ?"

"ಈಗ ಐತೆ. ಮೂರು ಗಂಟೆಗೆ ಮುಗ್ದೋಯ್ತದೆ. ಆಮೇಲೂ ಇದು ಐತೆ ಐತೆ ಅಂತ ಒದರ್ತಾ ಇರ್ತದಾ?"

ಇಲ್ಲಿ ಹೊಂಬಾಳಮ್ಮನ ಅತ್ತೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಆ ಮುದುಕಿಗೆ ಇದ್ದದ್ದು ಒಂದೇ ಒಂದು ಶಾಸ್ತ್ರ: ಪಾತ್ರೆಯಲ್ಲಿ ಇಲ್ಲದ್ದು ಬಾಯಲ್ಲಿ ಬರಬಾರದು. ಹಸಿದು ಬಂದವನಿಗೆ ಇಲ್ಲದ ಅಡುಗೆಯ ಹೆಸರು ಹೇಳಿ ಆಸೆ ಹುಟ್ಟಿಸುವುದು ಎಂಜಲು ಬಡಿಸುವುದಕ್ಕಿಂತ ಕೀಳು ಅನ್ನುತ್ತಿದ್ದಳು. ಅದಕ್ಕೇ ಆ ಹೋಟೆಲಿಗೆ ಬಣ್ಣ ಬಳಿದ ಬೋರ್ಡೇ ಇರಲಿಲ್ಲ. ಬಾಗಿಲಲ್ಲಿ ಒಂದು ಕರೀ ಹಲಗೆ. ಬೆಳಿಗ್ಗೆ ಸೀಮೆಸುಣ್ಣದಲ್ಲಿ ಅವತ್ತಿನ ಅಡುಗೆ ಬರೆಯುವುದು, ಒಂದೊಂದು ಪಾತ್ರೆ ಬರಿದಾದಂತೆ ಒಂದೊಂದು ಹೆಸರು ಒರೆಸುವುದು. ಕೊನೆಗೆ ಪಾತ್ರೆಗಳೆಲ್ಲ ಬೋರಲು ಬಿದ್ದ ಮೇಲೆ "ಮುಗೀತು, ನಾಳೆ ಬನ್ನಿ" ಅಂತ ಬರೆದು ಕೈ ತೊಳೆಯುವುದು. ಸೊಸೆಯೂ ಅದನ್ನೇ ಮಾಡಿಕೊಂಡು ಬಂದಿದ್ದಳು.

"ನಮ್ ಅಲಗೆ ಎಂಗೈತೋ ಅಂಗೇ ಇರ್ಬೇಕು ನಿನ್ ಪೇಜೂ," ಅಂದಳು ಹೊಂಬಾಳಮ್ಮ.

ನಿಖಿತಾಳ ಕಣ್ಣು ಮಿಂಚಿತು. ಮದುವೆ ಪತ್ರಿಕೆಯಲ್ಲಿ ಗಣಪತಿ ಕೂರಿಸಿ ಕೂರಿಸಿ ಬೇಸತ್ತಿದ್ದ ಹುಡುಗಿ. "ಅದ್ಕೆ ಡೈನಾಮಿಕ್ ಪೇಜು ಅಂತಾರೆ ಅತ್ತೆ. ಗಳಿಗೆ ಗಳಿಗೆಗೂ ಬದ್ಲಾಯ್ತಾ ಇರ್ತದೆ. ನೋಡೋ ಒತ್ತಿಗೆ ಏನೈತೋ ಅಷ್ಟೇ ತೋರ್ಸದು."

"ನಮ್ ಪುಟ್ಟರಾಜನ್ ಮಾತಿದ್ದಂಗೆ ಅನ್ನು. ಅಂಗೇ ಮಾಡು."

ನಿಖಿತಾ ಮಾಡಿದಳು. ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಮಾಡಿದಳು. ಅಡುಗೆಮನೆಯ ಗೋಡೆಗೆ ಒಂದು ಹಳೇ ಫೋನು ತೂಗುಹಾಕಿದಳು. ಅದರಲ್ಲಿ ಊಟಕ್ಕೊಂದು ಗುಂಡಿ. ಅಡುಗೆಯ ಅಪ್ಪು, ಆ ಮನೆಯಲ್ಲಿ ಹದಿನೆಂಟು ವರ್ಷದಿಂದ ಮುದ್ದೆ ತಿರುವುತ್ತಿದ್ದ ಗಟ್ಟಿ ಆಳು, ಪಾತ್ರೆ ಬರಿದಾದ ತಕ್ಷಣ ಹಿಟ್ಟಿನ ಹೆಬ್ಬೆರಳಲ್ಲಿ ಗುಂಡಿ ಒತ್ತಬೇಕು. ಒತ್ತಿದರೆ ಆ ಹೆಸರು ವೆಬ್‌ಸೈಟಿನಿಂದ ಮಾಯ. ಎಲ್ಲ ಮುಗಿದರೆ ಇಡೀ ಪೇಜು ಬೆಳ್ಳಗಾಗಿ ನಡುವೆ ಒಂದೇ ಸಾಲು: ಮುಗೀತು, ನಾಳೆ ಬನ್ನಿ. ಇದು ಸಾಲದು ಅಂತ ದಿನಕ್ಕೊಂದು ಹೊಸ ಪೇಜು ತಾನಾಗಿ ಹುಟ್ಟುವ ಹಾಗೆಯೂ ಮಾಡಿದಳು. ನೆನ್ನೆಯ ಪೇಜು ನೆನ್ನೆಯ ವಿಳಾಸದಲ್ಲಿ, ಇವತ್ತಿನದು ಇವತ್ತಿನ ವಿಳಾಸದಲ್ಲಿ.

"ಒತ್ತುದ್ರೆ ಶಾಕ್ ಒಡೀತದಾ?" ಅಪ್ಪು ದೂರ ನಿಂತು ಕೇಳಿದ.

"ಒತ್ತದೆ ಓದ್ರೆ ನಾನ್ ಒಡೀತೀನಿ," ಅಂದಳು ಹೊಂಬಾಳಮ್ಮ.

ಎರಡು ತಿಂಗಳು ಕಳೆಯಿತು. ಬರುತ್ತಿದ್ದವರು ಬಂದರು: ಕೋರ್ಟಿನ ಜವಾನ, ಕೊಪ್ಪದಿಂದ ಹಾಲಿನ ಕ್ಯಾನು ತರುವವರು, ವಾರಕ್ಕೊಮ್ಮೆ ಕಬ್ಬಿನ ಲಾರಿಯವರು. ಫೋನಿನಲ್ಲಿ ಹುಡುಕಿ ಬಂದವರು ಒಬ್ಬರೂ ಇಲ್ಲ. ಅಪ್ಪು ಮಾತ್ರ ತಪ್ಪದೆ ಗುಂಡಿ ಒತ್ತುತ್ತಿದ್ದ. ಫೋನಿನ ಮೇಲೆ ರಾಗಿ ಹಿಟ್ಟು ಮೆತ್ತಿ ಮೆತ್ತಿ ಅದೂ ಒಂದು ಸಣ್ಣ ಮುದ್ದೆಯ ಹಾಗೆ ಕಾಣುತ್ತಿತ್ತು.

ದಸರಾ ಕಳೆದ ಮೇಲೆ ಪುಟ್ಟರಾಜು ಒಂದು ಭಾನುವಾರ ಚಿಕ್ಕಬೋರಯ್ಯನನ್ನು ಕರೆತಂದ. ದುಂಡಗಿನ ಮನುಷ್ಯ, ಸೊಂಟದಲ್ಲಿ ಅಳತೆಯ ಟೇಪು. ನಮಸ್ಕಾರ ಮಾಡಿದವನೇ ಗೋಡೆ ಅಳೆಯಲು ಶುರುಮಾಡಿದ. ಅವನು ಒಲೆಯ ಹತ್ತಿರ ಬಂದಾಗ ಹೊಂಬಾಳಮ್ಮ ಸೌಟು ಅಡ್ಡ ಹಿಡಿದಳು.

"ಕಾರ್ತೀಕ ಇನ್ನೂ ಕಳ್ದಿಲ್ಲ ಕಣಯ್ಯ."

"ಗೋಡೆ ಅಳ್ಕೋತೀನಿ ಬುಡಿ ಅವ್ವ. ಒಲೆ ಆಮೇಲೆ ಅಳೀತೀನಿ."

ಪುಟ್ಟರಾಜು ಬೆಂಚಿನ ಮೇಲೆ ಕುಳಿತು ಫೋನು ತೆಗೆದ. "ನಿನ್ನ ವೆಬ್‌ಸೈಟು ಎಲ್ಲೈತೆ ನೋಡನ ತಾಳವ್ವ." ಮದ್ದೂರು, ಮುದ್ದೆ, ಬೋಟಿ ಅಂತ ಹಾಕಿ ಹುಡುಕಿದ. ಮೊದಲಿಗೆ ಬಂದದ್ದು ಎದುರುಗಡೆಯ ಅಂಕಯ್ಯನ ಹೋಟೆಲು. ಎರಡನೆಯದು ಮಂಡ್ಯದ್ದು. ಮೂರು, ನಾಲ್ಕು, ಐದು, ಯಾವುದೂ ಅಲ್ಲ. ಹೆಬ್ಬೆರಳು ನೋಯುವ ತನಕ ಕೆಳಗೆ ಕೆಳಗೆ ತಳ್ಳಿಕೊಂಡು ಹೋದ. ಆಮೇಲೆ ಹೋಟೆಲಿನ ಹೆಸರನ್ನೇ ಹಾಕಿ ಹುಡುಕಿದ. ಆಗ ಸಿಕ್ಕಿತು. ಸಿಕ್ಕಿದ್ದನ್ನು ನೋಡಿ ಬೆಂಚು ಅಲುಗುವ ಹಾಗೆ ನಕ್ಕ.

"ಅವ್ವ, ನಿನ್ ಓಟ್ಲು ವಿಚಾರ ಏನ್ ಬರ್ದೈತೆ ಗೊತ್ತಾ? ಮುಗೀತು, ನಾಳೆ ಬನ್ನಿ. ಅದ್ರ ಕೆಳ್ಗೆ ಇನ್ನೊಂದು. ಅಲ್ಲೂ ಮುಗೀತು, ನಾಳೆ ಬನ್ನಿ. ಅದ್ರ ಕೆಳ್ಗೂ ಅದೇಯ!"

ಚಿಕ್ಕಬೋರಯ್ಯನೂ ನಕ್ಕ. ಟೇಪು ಸರ್ರನೆ ಒಳಗೆ ಓಡಿತು, ಮೂರನೇ ಗೋಡೆಯ ಅಳತೆ ಮರೆತುಹೋಯಿತು. ಮತ್ತೆ ಬಂದು ಅಳೆಯುತ್ತೇನೆ ಅಂದ.

ಹೊಂಬಾಳಮ್ಮನಿಗೆ ಹೊಟ್ಟೆ ಉರಿದದ್ದು ಮಗ ನಕ್ಕದ್ದಕ್ಕಲ್ಲ, ಅಂಕಯ್ಯ ಮೊದಲಿಗನಾಗಿದ್ದಕ್ಕೆ. ಯಾಕೆಂದರೆ ಅಂಕಯ್ಯ ಮಾಂಸ ಬಿಟ್ಟು ಮೂರು ವರ್ಷವಾಗಿತ್ತು. ಯಾವುದೋ ಹರಕೆ ಹೊತ್ತು, ಬೆಟ್ಟಕ್ಕೆ ಹೋಗಿ ಬಂದು, ಗೋಡೆಗೆಲ್ಲ ಸುಣ್ಣ ಹೊಡೆಸಿ ಈಗ ತಟ್ಟೆ ಇಡ್ಲಿ, ಕಾಫಿ ಮಾಡುತ್ತಿದ್ದ. ಅವನ ವೆಬ್‌ಸೈಟು ಮಾತ್ರ ಹರಕೆ ಹೊತ್ತಿರಲಿಲ್ಲ. ಹತ್ತು ವರ್ಷದ ಹಿಂದೆ ಯಾವನೋ ನೆಂಟರ ಹುಡುಗ ಮಾಡಿಕೊಟ್ಟ ಒಂದೇ ಪೇಜು, ಬಸರಾಳಿನ ಗುಡಿಯ ಕಲ್ಲಿನ ಹಾಗೆ, ಕೆತ್ತಿದ ದಿನ ಹೇಗಿತ್ತೋ ಹಾಗೇ ನಿಂತಿತ್ತು. ಕಪ್ಪು ಕನ್ನಡಕ ಹಾಕಿದ ಅಂಕಯ್ಯನ ಫೋಟೋ. ಕೆಳಗೆ: ಮುದ್ದೆ, ನಾಟಿಕೋಳಿ, ಬೋಟಿ, ತಲೆಮಾಂಸ, ಮದ್ದೂರು. ಅದನ್ನು ಬದಲಿಸಲು ಅವನಿಂದಲೂ ಆಗುತ್ತಿರಲಿಲ್ಲ. ಪಾಸ್‌ವರ್ಡನ್ನು ಮರೆಯಬಾರದು ಅಂತ ಗಲ್ಲಾದ ಹಿಂದಿನ ಗೋಡೆಯ ಮೇಲೆ ಬರೆದಿಟ್ಟಿದ್ದ. ಹರಕೆಯ ಸುಣ್ಣ ಹೊಡೆಸಿದಾಗ ಅದು ಸುಣ್ಣದ ಅಡಿ ಹೋಯಿತು.

ಆ ವಾರವೇ ಒಂದು ಬಿಳೀ ಕಾರು ಅಂಕಯ್ಯನ ಮುಂದೆ ನಿಂತಿತು. ಎಂಟು ಜನ ಇಳಿದರು. ಹೊಂಬಾಳಮ್ಮ ಈಚೆಯಿಂದಲೇ ಕಿವಿ ನಿಮಿರಿಸಿದಳು.

"ತಲೆಮಾಂಸ ಇದೆಯಾ?" ಕಾರಿನವನು ಕೇಳಿದ.

"ತಟ್ಟೆ ಇಡ್ಲಿ ಐತೆ. ಬಿಸಿಯಾಗೈತೆ."

"ಫೋನಲ್ಲಿ ತಲೆಮಾಂಸ ಅಂತ ಇದೆಯಲ್ರೀ! ನೋಡಿ, ಇದು ನೀವೇ ತಾನೇ?"

ಅಂಕಯ್ಯ ತನ್ನದೇ ಫೋಟೋವನ್ನು ಕತ್ತು ಓರೆಮಾಡಿ ನೋಡಿದ. "ನಾನೇಯ. ಆದ್ರೆ ಇವ್ನು ತಿಂತಿದ್ದ. ನಾನು ತಿನ್ನಲ್ಲ."

"ಹಾಗಾದರೆ ಇಲ್ಲಿ ಇನ್ನೆಲ್ಲಿ ಸಿಗುತ್ತೆ?"

"ಮಂಡ್ಯಕ್ಕೋಗಿ," ಅಂದ ಅಂಕಯ್ಯ. ಹೊಂಬಾಳಮ್ಮನ ಬೋಟಿಯ ಪಾತ್ರೆಯ ಹಬೆ ಅವನ ಮೂಗಿನ ಮುಂದೆಯೇ ಹಾದುಹೋಗುತ್ತಿತ್ತು. ಕಾರು ಮಂಡ್ಯಕ್ಕೆ ಹೋಯಿತು.

ಹೊಂಬಾಳಮ್ಮ ಸೆರಗು ಸಿಕ್ಕಿಸಿ ರಸ್ತೆ ದಾಟಿದಳು. "ಎದುರ್‌ಗಡೆ ಬೇಯ್ತಾ ಐತೆ ಅಂತ ಏಳಕ್ಕೆ ನಿನ್ ನಾಲ್ಗೆ ಬಿದ್ದೋಗಿತ್ತಾ ಅಂಕಯ್ಯ?"

"ಏಳ್ತಿದ್ದೆ ಕಣಕ್ಕ. ನಿನ್ ಕೊಳಗ ನೆಗ್ಗಿಸ್ದೋನು ನಾನು ಅಂತ ಊರಿಗೆಲ್ಲಾ ಸಾರ್ಕೊಂಡು ಬಂದಲ್ಲ, ಅದ್ನ ವಾಪಸ್ ತಗೊ. ಆಮೇಲೆ ಏಳ್ತೀನಿ."

"ನೆಗ್ಗಿಸ್ದೋನು ನೀನೇಯ! ನಿನ್ ಮಗ್ಳು ಮದ್ವೇಗೆ ಕೊಟ್ಟಾಗ ಅದು ಚಂದ್ರನಂಗೆ ದುಂಡಗಿತ್ತು."

"ಚಂದ್ರಂಗೂ ಅಮಾಸೆ ಅನ್ನೋದು ಇರ್ತದೆ," ಅಂದ ಅಂಕಯ್ಯ. ಇಡ್ಲಿ ತಟ್ಟೆಗೆ ಚಟ್ನಿ ಸುರಿದ. ಮಾತು ಅಲ್ಲಿಗೆ ನಿಂತಿತು. ಎರವಲು ಹೋದ ಆ ಅಡುಗೆ ಕೊಳಗದ ಜಗಳ ಅವರ ನಡುವೆ ಆರು ವರ್ಷದ್ದು.

ಆ ಸಂಜೆಯೇ ನಿಖಿತಾಳಿಗೆ ಫೋನು ಹೋಯಿತು. ಹೊಂಬಾಳಮ್ಮ ಹಲೋ ಅನ್ನದೆ ನೇರವಾಗಿ ಶುರುಮಾಡಿದಳು. ಮಾರನೇ ದಿನ ಮಳವಳ್ಳಿಯ ಮೊದಲನೇ ಬಸ್ಸಿಗೇ ಹುಡುಗಿ ಬಂದಳು. ಊಟದ ಹೊತ್ತು ಕಳೆದು ಪಾತ್ರೆಗಳು ಬೋರಲು ಬಿದ್ದ ಮೇಲೆ ಇಬ್ಬರೂ ಹೊಸ್ತಿಲ ಮೇಲೆ ಕುಳಿತರು. ನಿಖಿತಾ ಬಹಳ ಹೊತ್ತು ಲ್ಯಾಪ್‌ಟಾಪಿನಲ್ಲಿ ಏನೇನೋ ಸಾಲುಗಳನ್ನು ನೋಡಿ ತುಟಿ ಕಚ್ಚಿಕೊಂಡಳು.

"ಅತ್ತೆ, ಗೂಗಲ್‌ನೋರು ಒಂದು ಆಳು ಇಟ್ಕೊಂಡವ್ರೆ. ಮನುಷ್ಯ ಅಲ್ಲ, ಕಂಪ್ಯೂಟರಿನ ಆಳು. ಅದು ಲೋಕದಲ್ಲಿರೋ ಪೇಜೆಲ್ಲ ಓದ್ಕೊಂಡು ಓಯ್ತದೆ. ಯಾರಾದ್ರೂ ಬೋಟಿ ಎಲ್ಲಿ ಸಿಕ್ತದೆ ಅಂತ ಕೇಳುದ್ರೆ, ಆವತ್ತು ಏನ್ ಓದಿತ್ತೋ ಅದನ್ನ ನೋಡಿ ಏಳ್ತದೆ."

"ನಮ್ಮನೆಗೂ ಬಂದಿತ್ತಾ?"

"ಬತ್ತಾನೇ ಐತೆ. ಇಲ್ಲಿ ನೋಡಿ. ಸಂಜೆ ಒಂದ್ಸಲ. ಸರೋತ್ನಲ್ಲಿ ಒಂದ್ಸಲ."

"ಕಣ್ಣಿಗೆ ಕಾಣಲ್ವಾ?"

"ಕಾಣಲ್ಲ."

"ಬಂದು ಏನ್ ಮಾಡ್ತದೆ?"

"ಬಾಗ್ಲಲ್ಲಿ ಬರ್ದಿರಾದ್ನ ಓದ್ತದೆ. ಓದಿ ಒಂಟೋಯ್ತದೆ. ಆಮೇಲೆ ಇನ್ನೊಂದ್ ದಿನ ಬತ್ತದೆ. ತಿರ್ಗಾ ಓದ್ತದೆ. ಓಯ್ತದೆ."

ಹೊಂಬಾಳಮ್ಮ ಕೈಯಲ್ಲಿದ್ದ ಎಲೆಯಡಿಕೆಯನ್ನು ಕೆಳಗಿಟ್ಟಳು. "ಓದೋವಾಗೆಲ್ಲ ಏನಂತ ಬರ್ದಿರ್ತದೆ?"

ನಿಖಿತಾ ಬಾಗಿಲ ಕಡೆ ಕೈ ತೋರಿಸಿದಳು. ಎದುರಿಗೇ ಕರೀ ಹಲಗೆಯ ಮೇಲೆ ಬರೆದಿತ್ತು: ಮುಗೀತು, ನಾಳೆ ಬನ್ನಿ.

"ಅಯ್ಯೋ ನನ್ ಮುಂಡೇದೆ!" ಹೊಂಬಾಳಮ್ಮ ಹಣೆ ಚಚ್ಚಿಕೊಂಡಳು. "ನಮ್ಮಜ್ಜಿ ಬಾಗ್ಲು ಮೇಲೆ ಬರೀತಿದ್ದದ್ದು ಕಣೆ ಇದು! ರಾತ್ರೆ ದೆವ್ವ ಬತ್ತದೆ ಅಂತ 'ನಾಳೆ ಬಾ' ಅಂತ ಮಸೀಲಿ ಬರ್ದಿರೋಳು. ದೆವ್ವ ಬರೋದು, ಓದೋದು, ಸರಿ ನಾಳೆ ಬರಾವ ಅಂತ ಓಗೋದು. ನಾಳೆ ಬಂದ್ರೆ ಮತ್ತೆ ಅದೇಯ. ಒಂದ್ ದಿನವೂ ಒಳಕ್ಕೆ ಬರ್ನಿಲ್ಲ. ನಾವು ಕರೀಬೇಕಾದ ನೆಂಟನ್ನ ದೆವ್ವ ಓಡ್ಸಿದಂಗೆ ಓಡ್ಸಿದ್ದೀವಲ್ಲೇ!"

"ಒಂದ್ ಬಾಗ್ಲಲ್ಲ ಅತ್ತೆ," ನಿಖಿತಾ ಮೆತ್ತಗೆ ಹೇಳಿದಳು. "ದಿನಕ್ಕೊಂದು ಪೇಜು ಉಟ್ಟೋ ಅಂಗೆ ಮಾಡಿದ್ನಲ್ಲ ನಾನು. ಎಲ್ಲಾದ್ರ ಮೇಲೂ ಇದೊಂದೇ ಸಾಲು. ಈ ಮನೇಲಿ ಬಾಗ್ಲು ಬಿಟ್ರೆ ಇನ್ನೇನೂ ಇಲ್ಲ ಅಂದ್ಕೊಂಡೈತೆ ಅದು. ಅದ್ಕೇ ನಮ್ಮನ್ನ ಸಾಲಿನ ತುದೀಲಿ ನಿಲ್ಸೈತೆ. ಅಂಕಯ್ಯನ ಪೇಜು ಯಾವಾಗ ಬಂದ್ರೂ ಬೋಟಿ ಅಂತಲೇ ಏಳ್ತದೆ. ಅದ್ಕೆ ಅವ್ನು ಮುಂದೆ."

"ಅವ್ನು ಏಳೋದು ಸುಳ್ಳು."

"ಅದು ರುಚಿ ನೋಡಲ್ಲ ಅತ್ತೆ. ಓದ್ತದೆ ಅಷ್ಟೇ."

ತಪ್ಪು ಅರ್ಧ ಹೊಂಬಾಳಮ್ಮನದು, ಅರ್ಧ ನಿಖಿತಾಳದು. ಹಂಚಿಕೊಂಡ ತಪ್ಪು ಅಷ್ಟೊಂದು ಭಾರವಿರುವುದಿಲ್ಲ. ನಿಖಿತಾ ದಾರಿ ಹೇಳಿದಳು: ಪೇಜಿನ ಮೇಲರ್ಧ ಯಾವತ್ತೂ ಬದಲಾಗಬಾರದು. ಹೋಟೆಲಿನ ಹೆಸರು, ಊರು, ಊಟದ ಹೆಸರುಗಳು ಅಲ್ಲಾಡದೆ ಇರಬೇಕು. ಕೆಳಗರ್ಧ ಬೇಕಾದರೆ ಹಲಗೆಯ ಹಾಗೆ ಗಳಿಗೆಗೊಂದು ಥರ ಇರಲಿ. ದಿನಕ್ಕೊಂದು ಬಾಗಿಲು ಬೇಡ, ಮನೆಗೆ ಒಂದೇ ಬಾಗಿಲು.

"ಮೇಲರ್ಧ ಬೋಟಿ ಐತೆ ಅಂತ ಬರೆಯೋದು, ಕೆಳಗರ್ಧ ಮುಗೀತು ಅಂತ ಬರೆಯೋದು," ಹೊಂಬಾಳಮ್ಮ ತಲೆಯಾಡಿಸಿದಳು. "ಮೇಲಿನ್ ಬಾಯಿ ಒಂದು, ಕೆಳ್ಗಿನ್ ಬಾಯಿ ಒಂದು. ನಮ್ಮತ್ತೆ ಎದ್ದು ಬತ್ತಾಳೆ ಕಣೆ."

ಸಂಜೆ ಬಂದ ಪುಟ್ಟರಾಜು, "ಬರ್ಕೊಳ್ಳವ್ವ, ಲೋಕವೇ ಸುಳ್ ಬರ್ಕೋತದೆ," ಅಂದ. ಅವ್ವನ ಮುಖ ನೋಡಿ ಚಪ್ಪಲಿ ಮೆಟ್ಟಿಕೊಂಡ.

ಆ ರಾತ್ರಿ ಹೊಂಬಾಳಮ್ಮ ಊಟ ಮಾಡಿದಳೋ ಇಲ್ಲವೋ, ಬೆಳಿಗ್ಗೆ ಮಾತ್ರ ಅಪ್ಪುವನ್ನು ಕರೆದು ಒಂದು ಹೊಸ ಕಟ್ಟಲೆ ಮಾಡಿದಳು. ಎಷ್ಟೇ ಜನ ಬರಲಿ, ಕೋಳಿ ಸಾರು ಒಂದು ಬಟ್ಟಲು, ಬೋಟಿ ಒಂದು ಸೌಟು, ಒಂದು ಮುದ್ದೆಗಾಗುವಷ್ಟು ಹಿಟ್ಟು, ಇಷ್ಟನ್ನು ಎತ್ತಿಡಬೇಕು. ಒಲೆ ಆರಿಸುವ ತನಕ ಅದನ್ನು ಯಾರೂ ಮುಟ್ಟಕೂಡದು. ಆಗ ಪೇಜಿನ ಮೇಲರ್ಧ ಸುಳ್ಳಾಗುವುದಿಲ್ಲ. ಪಾತ್ರೆಯಲ್ಲಿ ಒಂದು ಊಟದಷ್ಟಾದರೂ ಇರುತ್ತದೆ.

"ಯಾರಿಗವ್ವ ಇದು?" ಅಪ್ಪು ಕೇಳಿದ.

"ಗೂಗಲ್ಲಿಗೆ."

"ಅದು ಬತ್ತದಾ?"

"ಬತ್ತದೆ. ಕಾಣಲ್ಲ."

ಅಪ್ಪು ಮೊದಲು ಅವಳನ್ನು ನೋಡಿದ, ಆಮೇಲೆ ಒಲೆಯನ್ನು ನೋಡಿದ. ಅವತ್ತಿನಿಂದ ಎತ್ತಿಟ್ಟ ಬಟ್ಟಲ ಪಕ್ಕದಲ್ಲಿ ಒಂದು ನಿಂಬೆಹಣ್ಣೂ ಇಡತೊಡಗಿದ. ಎದುರಿಗಿರುವುದು ಏನು ಅಂತ ಗೊತ್ತಿಲ್ಲದಾಗ ನಿಂಬೆಹಣ್ಣು ಇದ್ದರೆ ಒಳ್ಳೆಯದು.

ನಿಖಿತಾ ಪೇಜು ಬದಲಿಸಿದಳು. ತಲೆಮಾಂಸ ಹಾಕಲೇ ಅಂತ ಕೇಳಿದ್ದಕ್ಕೆ ಹೊಂಬಾಳಮ್ಮ, "ತಲೆಮಾಂಸ ಭಾನುವಾರ ಮಾತ್ರ ಅಂತ ಬರಿ. ಅದು ಸೋಮಾರ ಓದುದ್ರೂ ನಿಜಾನೇಯ," ಅಂದಳು. ಹಳೇ ಬಾಗಿಲುಗಳನ್ನೆಲ್ಲ ಒಂದೇ ಬಾಗಿಲಿಗೆ ತಿರುಗಿಸಿದ್ದಾಯಿತು. ಯಾವಾಗ ಮೇಲೆ ಬರುತ್ತೇವೆ ಅಂದರೆ ಹುಡುಗಿ, "ಬಾಳೆ ನೆಟ್ಟು ಮಾರ್ನೆ ದಿನ ಗೊನೆ ಕೇಳ್ಬ್ಯಾಡಿ," ಅಂದಳು.

ಕಾಣದ ಗಿರಾಕಿ ಊಟ ಮಾಡಲಿಲ್ಲ. ಮಾಡಿದವನು ಚಿಕ್ಕಬೋರಯ್ಯ. ಮೂರನೇ ಗೋಡೆ ಅಳೆಯುವುದು ಬಾಕಿ ಇದೆ ಅಂತ ಅವನು ಒಂದು ದಿನ ನಾಲ್ಕು ಗಂಟೆಗೆ ಬಂದ. ಹಸಿದ ಮುಖ ನೋಡಿದರೆ ಹೊಂಬಾಳಮ್ಮನಿಗೆ ಶತ್ರು ಮಿತ್ರ ಗೊತ್ತಾಗುವುದಿಲ್ಲ. ಒಲೆ ಆರಿಸುವ ಹೊತ್ತೂ ಆಗಿತ್ತು.

"ಕೂತ್ಕೊ. ಒಂದ್ ಊಟ ಐತೆ."

"ಯಾರಿಗ್ ಎತ್ತಿಟ್ಟಿದ್ರಿ?"

"ಗೂಗಲ್ಲಿಗೆ. ಅದು ಓದ್ತದೆ, ತಿನ್ನಲ್ಲ."

ಚಿಕ್ಕಬೋರಯ್ಯ ಉಂಡ. ಬಟ್ಟಲು ಒರೆಸಿ ಉಂಡ. ಕೈ ತೊಳೆದು ಅಳೆಯಲು ಹೋದವನಿಗೆ ಹೊಟ್ಟೆಯ ಭಾರಕ್ಕೆ ಬಗ್ಗಲಾಗಲಿಲ್ಲ. ನಾಳೆ ಬರುತ್ತೇನೆ ಅಂದ. ನಾಳೆ ಬಂದ. ನಾಡಿದ್ದೂ ಬಂದ. ಮಂಡ್ಯದಿಂದ ಮದ್ದೂರಿಗೆ ನಾಲ್ಕು ಗೋಡೆ ಅಳೆಯಲು ಮೂರು ವಾರ ಓಡಾಡಿದ ಮನುಷ್ಯ ಅವನೊಬ್ಬನೇ ಇರಬೇಕು. ಒಮ್ಮೆ ಅಳೆದರೆ ಹದಿನೆಂಟು ಅಡಿ, ಇನ್ನೊಮ್ಮೆ ಅಳೆದರೆ ಇಪ್ಪತ್ತು.

"ಗೋಡೆ ಬೆಳೀತಾ ಐತಾ ಬೋರಣ್ಣ?" ಅಪ್ಪು ಕೇಳಿದ.

"ಟೇಪು ಎಳೀತದೆ ಕಣಪ್ಪ. ಬಿಸಿಲಿಗೆ," ಅಂದ ಚಿಕ್ಕಬೋರಯ್ಯ. ಅವತ್ತು ಮೋಡ ಕವಿದಿತ್ತು.

ಕಾರ್ತೀಕದ ಕೊನೆಯ ಬುಧವಾರ ಬಂದೇಬಿಟ್ಟಿತು. ಪುಟ್ಟರಾಜು ಬ್ಯಾಂಕಿಗೆ ರಜೆ ಹಾಕಿ ಬಾಡಿಗೆಯ ಕರಾರು ಪತ್ರ ಹಿಡಿದು ಬಂದ. ಮಧ್ಯಾಹ್ನ ಎಂದಿನ ಗಿರಾಕಿಗಳು ಉಂಡು ಹೋದರು. ಪಾತ್ರೆಗಳು ಬೋರಲು ಬಿದ್ದವು. ನಾಲ್ಕು ಗಂಟೆಗೆ ಚಿಕ್ಕಬೋರಯ್ಯ ಬಂದು ತನ್ನ ಜಾಗದಲ್ಲಿ ಕುಳಿತ. ಅಪ್ಪು ಬಾಳೆಎಲೆ ಹಾಕಿ, ಬಿಸಿ ಮುದ್ದೆ ಇಟ್ಟ, ಸಾರು ಬಿಟ್ಟ, ಬೋಟಿ ಬಡಿಸಿದ.

"ಉಂಡ್ಬುಡಿ, ಆಮೇಲೆ ಸೈನು," ಅಂದ ಪುಟ್ಟರಾಜು. ಹೊಂಬಾಳಮ್ಮ ಒಲೆಯ ಮುಂದೆ ಬೆನ್ನು ತಿರುಗಿಸಿ ಕುಳಿತಿದ್ದಳು. ಬೂದಿ ಕೆದಕುತ್ತಿದ್ದಳು, ಕೆದಕುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಆಗ ಬಾಗಿಲಲ್ಲಿ ಒಂದು ಬೈಕು ನಿಂತಿತು. ಹೆಲ್ಮೆಟ್ ತೆಗೆದ ಮನುಷ್ಯ ಫೋನು ನೋಡಿದ, ಬಾಗಿಲು ನೋಡಿದ.

"ಹೊಂಬಾಳಮ್ಮನ ಹೋಟೆಲು ಇದೇನಾ? ಹೈವೇಲಿ ಹೋಗ್ತಾ ಇದ್ದೆ. ಫೋನಲ್ಲಿ ಮುದ್ದೆ, ಬೋಟಿ ಅಂತ ಇತ್ತು. ಹೊತ್ತು ಮೀರಿದೆ, ಗೊತ್ತು. ಇದೆಯಾ?"

ಗಿರಾಕಿಗೆ ಅಂತ ಊಟ ಇದ್ದದ್ದು ಒಂದೇ. ಅದು ಚಿಕ್ಕಬೋರಯ್ಯನ ಎಲೆಯಲ್ಲಿತ್ತು. ಅವನ ಬಲಗೈ ಮುದ್ದೆಯಿಂದ ಎರಡು ಬೆರಳಿನಷ್ಟು ಮೇಲೆ ನಿಂತಿತ್ತು.

ಹೊಂಬಾಳಮ್ಮ ತಿರುಗಿ ನೋಡಿದಳು. ಎಲೆಯ ಮುಂದೆ ಕುಳಿತವನನ್ನು ಏಳು ಅನ್ನುವ ಮಾತು ಅವಳ ಬಾಯಲ್ಲಿ ಯಾವತ್ತೂ ಬಂದಿರಲಿಲ್ಲ.

ಚಿಕ್ಕಬೋರಯ್ಯ ಮುದ್ದೆಯನ್ನು ನೋಡಿದ. ಬೋಟಿಯನ್ನು ನೋಡಿದ. ಉಗುಳು ನುಂಗಿದ ಸದ್ದು ಬಾಗಿಲ ತನಕ ಕೇಳಿಸಿತು. ಆಮೇಲೆ ಎದ್ದು, ಎಲೆಯನ್ನು ಬೆಂಚಿನ ಆಚೆಯ ತುದಿಗೆ ಮೆಲ್ಲಗೆ ಸರಿಸಿದ.

"ಬನ್ನಿ ಸ್ವಾಮಿ. ನಿಮ್ಗೇ ಎತ್ತಿಟ್ಟಿದ್ದು. ನಾನು ಮುಟ್ನಿಲ್ಲ."

ಬೈಕಿನವನು ಕುಳಿತು ಉಂಡ. ನಾಲ್ವರು ಸುತ್ತ ನಿಂತು ಅವನು ನುಂಗುವ ಪ್ರತಿ ತುತ್ತನ್ನೂ ನೋಡಿದರು. ಅವನಿಗೆ ಮುಜುಗರವಾಗಿರಬೇಕು, ಆದರೂ ಸಾರು ಮತ್ತೆ ಕೇಳಿದ. "ಇಷ್ಟೇ ಇದ್ದದ್ದು," ಅಂದಳು ಹೊಂಬಾಳಮ್ಮ. ಹೋಗುವಾಗ ಅವನು, ಭಾನುವಾರ ಮನೆಯವರನ್ನೆಲ್ಲ ಕರೆತರುತ್ತೇನೆ, ತಲೆಮಾಂಸ ಭಾನುವಾರ ಮಾತ್ರ ಅಂತ ಬರೆದಿತ್ತಲ್ಲ, ಅಂದ.

ಪುಟ್ಟರಾಜು ಗಂಟಲು ಸರಿಮಾಡಿಕೊಂಡು ಕರಾರು ಪತ್ರ ತೆಗೆದ. ಚಿಕ್ಕಬೋರಯ್ಯ ಟೇಪನ್ನು ಸೊಂಟದಿಂದ ಬಿಚ್ಚಿ ಜೇಬಿಗೆ ಹಾಕಿಕೊಂಡ.

"ನಾನೀಗ ಅಸ್ಕೊಂಡಿದ್ದೀನಿ ರಾಜಣ್ಣ, ಸೈನ್ ಮಾಡಕ್ಕೆ ಕೈ ನಡುಗ್ತದೆ. ಒಂದ್ ಮಾತು ಕೇಳ್ತೀನಿ. ಇಲ್ಲಿ ನಾನು ಟೈಲ್ಸ್ ಅಂಗ್ಡಿ ಆಕುದ್ರೆ ನಾಲ್ಕ್ ಗಂಟೇಗೆ ಉಣ್ಣಾದು ಎಲ್ಲಿ?"

"ಟಿಫನ್ ಬಾಕ್ಸು ತನ್ನಿ," ಅಂದ ಪುಟ್ಟರಾಜು.

"ಸುಮ್ಕಿರ್ಲಾ," ಅಂದಳು ಹೊಂಬಾಳಮ್ಮ. ಅಪ್ಪುವಿಗೆ ಸನ್ನೆ ಮಾಡಿದಳು. "ನಿನ್ ಪಾಲ್ಗೆ ಇಟ್ಕೊಂಡಿರೋ ಮುದ್ದೇಲಿ ಅರ್ಧ ಮುರ್ದು ಆ ಮನ್ಷಂಗೆ ಆಕ್ಲಾ."

ಟೈಲ್ಸ್ ಅಂಗಡಿ ಕೊನೆಗೆ ಎದುರುಗಡೆ ಬಂತು. ಅಂಕಯ್ಯನಿಗೆ ಇಡ್ಲಿಗೆ ಬೇಕಾದದ್ದು ಅರ್ಧ ಜಾಗ ಮಾತ್ರ, ಉಳಿದರ್ಧ ಚಿಕ್ಕಬೋರಯ್ಯನಿಗೆ ಸಿಕ್ಕಿತು. ಅದರ ಗೋಡೆಗಳನ್ನು ಅವನು ಒಂದೇ ಮಧ್ಯಾಹ್ನದಲ್ಲಿ ಅಳೆದು ಮುಗಿಸಿದ. ಜಾಗ ಕುದುರಿಸಿಕೊಟ್ಟವಳು ಹೊಂಬಾಳಮ್ಮ. ಅದರ ಜೊತೆಗೆ, ನಾಲ್ಕು ಜನರ ಮುಂದೆ, ಕೊಳಗ ತಾನಾಗಿಯೇ ನೆಗ್ಗಿಕೊಂಡಿತು ಅಂತಲೂ ಹೇಳಿದಳು. ಅಂಕಯ್ಯ ಒಳಗೆ ಹೋಗಿ ಒಂದು ಕರೀ ಹಲಗೆ ತಂದು ಬಾಗಿಲಿಗೆ ತೂಗುಹಾಕಿದ. ಅದರ ಮೇಲೆ ಬರೆದ: ಬೋಟಿ, ಎದುರುಗಡೆ. ನಿನ್ನ ತಮ್ಮನ ಮಗಳು ನನ್ನ ಪೇಜು ಅಳಿಸಿಕೊಡುತ್ತಾಳಾ ಅಂತ ಅವನು ಕೇಳಿದ್ದಕ್ಕೆ ಹೊಂಬಾಳಮ್ಮ, "ಇರ್ಲಿ ಬುಡು. ಕನ್ನಡ್ಕ ಚೆಂದಾಗೈತೆ," ಅಂದಳು.

ಸಂಕ್ರಾಂತಿಯ ಹೊತ್ತಿಗೆ ಹುಡುಕಿದರೆ ಅಂಕಯ್ಯ ಮೊದಲು, ಹೊಂಬಾಳಮ್ಮ ಮೂರನೆಯವಳು. ನಡುವೆ ಮಂಡ್ಯದ್ದೊಂದು ಹಾಗೇ ಇದೆ. ಕಾರುಗಳು ದಿನಕ್ಕೆ ಐದಾರು ಬರುತ್ತವೆ, ಭಾನುವಾರ ಇನ್ನೂ ಕೆಲವು.

ಹನ್ನೆರಡು ಸಾವಿರ ಹೋದದ್ದು ಹೋಯಿತು. ತಿದ್ದಿದ್ದಕ್ಕೆ ನಿಖಿತಾ ದುಡ್ಡು ಮುಟ್ಟಲಿಲ್ಲ, ಎರಡು ನಾಟಿಕೋಳಿ ಹಿಡಿದುಕೊಂಡು ಬಸ್ಸು ಹತ್ತಿದಳು. ಬರಬಹುದಾಗಿದ್ದ ಬಾಡಿಗೆ ಬರಲಿಲ್ಲ. ದಿನಕ್ಕೊಂದು ಊಟ ಇವತ್ತಿಗೂ ಎತ್ತಿಡುವುದರಲ್ಲಿ ಹೋಗುತ್ತದೆ. ಒಲೆ ಉಳಿಯಿತು.